ನೀಲಿ ಬಟ್ಟೆಯ ಮುಂದೆ ನಿಂತವನು ಎಲ್ಲಿದ್ದಾನೆ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಆ ಗಾದೆ ಹುಟ್ಟಿದ ಕಾಲದಲ್ಲಿ ಕಣ್ಣಿಗೆ ಮೋಸವಾಗಲು ಮುಸ್ಸಂಜೆಯ ಮಬ್ಬು ಬೇಕಿತ್ತು, ಇಲ್ಲವೆ ಗಾರುಡಿಗನ ಕೈಚಳಕ ಬೇಕಿತ್ತು. ಇಂದು ಒಂದು ನೀಲಿ ಬಟ್ಟೆ, ನಾಲ್ಕು ದೀಪ, ಒಂದು ಕ್ಯಾಮೆರಾ, ಒಂದು ಕಂಪ್ಯೂಟರ್ ಇದ್ದರೆ ಸಾಕು. ಕೃಷ್ಣೆಯ ದಂಡೆಯ ಗಲಗಲಿಯ ಹುಡುಗನೊಬ್ಬ ತನ್ನ ಊರಲ್ಲಿಯೇ ನಿಂತು ಹಿಮಾಲಯದ ಹಿಮದಲ್ಲಿ ನಡೆಯಬಲ್ಲ. ಹಳೆಯ ಸಿನಿಮಾದ ಟಾಂಗಾದಲ್ಲಿ ಕುಳಿತು ಡಕಾಯಿತರಿಂದ ತಪ್ಪಿಸಿಕೊಳ್ಳಬಲ್ಲ. ಅವನು ಅಲ್ಲಿಗೆ ಹೋಗಿಲ್ಲವೆಂದು ನಮಗೆ ಗೊತ್ತು. ಆದರೂ ಕಣ್ಣು ಅವನನ್ನು ಅಲ್ಲಿಯೇ ಕಾಣುತ್ತದೆ.

ಪ್ರಿಯ ಓದುಗರೇ, ಇಂಥದೊಂದು ಆಟದ ಮಂಟಪವನ್ನು ಶಾಲೆಯ ವಾರ್ಷಿಕೋತ್ಸವಕ್ಕೋ ಧರ್ಮಕೇಂದ್ರದ ಹಬ್ಬಕ್ಕೋ ಊರ ಜಾತ್ರೆಗೋ ನಮ್ಮ ಯುವಜನರು ಕಟ್ಟಲು ಹೊರಟರೆ, ಹಿರಿಯರಾದ ನಾವು ಅವರಿಗೆ ಏನು ಹೇಳಬೇಕು? "ಅದೆಲ್ಲ ಮಾಯೆ, ನಮಗೆ ಬೇಡ" ಎಂದು ಗದರಿಸುವುದು ಸುಲಭ. "ಹುಡುಗರ ಆಟ, ಬಿಡಿ" ಎಂದು ಸುಮ್ಮನಾಗುವುದು ಇನ್ನೂ ಸುಲಭ. ಎರಡೂ ವಿಚಾರ ಮಾಡದೆ ಕೊಡುವ ಉತ್ತರಗಳೇ. ಏಕೆಂದರೆ ಈ ಆಟದೊಳಗೆ ಒಂದು ನೈತಿಕ ಪ್ರಶ್ನೆ ಇದೆ: ಒಬ್ಬ ಮನುಷ್ಯನನ್ನು ಅವನು ಇರುವ ಜಾಗದಿಂದ ಬಿಡಿಸಿ, ಅವನು ಇಲ್ಲದ ಜಾಗದಲ್ಲಿ ತೋರಿಸುವುದು ಯಾವಾಗ ಸರಿ, ಯಾವಾಗ ತಪ್ಪು?

ಬಟ್ಟೆ ಮಾಡುವ ಕೆಲಸ

ಮೊದಲು ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯೋಣ. ನೀಲಿ ಬಟ್ಟೆಯೊಂದನ್ನು ಸುಕ್ಕಿಲ್ಲದಂತೆ ಬಿಗಿದು ಕಟ್ಟುತ್ತಾರೆ. ಎಲ್ಲಿಯೂ ನೆರಳು ಬೀಳದಂತೆ ಅದರ ಮೇಲೆ ಸಮನಾಗಿ ಬೆಳಕು ಬಿಡುತ್ತಾರೆ. ಬಟ್ಟೆಯಿಂದ ಆರೇಳು ಅಡಿ ಮುಂದೆ ಆಟಕ್ಕೆ ಬಂದವನನ್ನು ನಿಲ್ಲಿಸುತ್ತಾರೆ. ಹತ್ತಿರ ನಿಂತರೆ ಅವನ ನೆರಳು ಬಟ್ಟೆಯ ಮೇಲೆ ಬೀಳುತ್ತದೆ, ಬಟ್ಟೆಯ ನೀಲಿ ಅವನ ಕೂದಲಿಗೂ ಭುಜಕ್ಕೂ ಅಂಟಿದಂತೆ ಕಾಣುತ್ತದೆ. ಅವನಿಗೆ ಬೇರೆಯೇ ದೀಪ ಇರುತ್ತದೆ. ಕ್ಯಾಮೆರಾ ಕಳಿಸುವ ಚಿತ್ರದಲ್ಲಿ ಎಲ್ಲೆಲ್ಲಿ ಆ ನೀಲಿ ಇದೆಯೋ ಅಲ್ಲೆಲ್ಲ ಕಂಪ್ಯೂಟರ್ ಸಿನಿಮಾದ ತುಣುಕನ್ನು ತುಂಬುತ್ತದೆ. ನೀಲಿ ಇಲ್ಲದ್ದು, ಅಂದರೆ ಮನುಷ್ಯ, ಹಾಗೆಯೇ ಉಳಿಯುತ್ತಾನೆ.

ನೀಲಿಯನ್ನೇ ಏಕೆ ಆರಿಸಿದರು? ಮನುಷ್ಯನ ಚರ್ಮ ಕಪ್ಪಿರಲಿ ಬಿಳುಪಿರಲಿ, ಅದರಲ್ಲಿ ನೀಲಿಯ ಅಂಶ ಬಹಳ ಕಡಿಮೆ. ಇಂದಿನ ಡಿಜಿಟಲ್ ಕ್ಯಾಮೆರಾಗಳು ಹಸಿರನ್ನು ಹೆಚ್ಚು ಚೆನ್ನಾಗಿ ಗ್ರಹಿಸುವುದರಿಂದ, ಕಡಿಮೆ ಬೆಳಕಿನಲ್ಲಿಯೂ ಕೆಲಸ ಆಗುವುದರಿಂದ ಈಗ ಹಸಿರು ಬಟ್ಟೆಯ ಬಳಕೆಯೇ ಹೆಚ್ಚು. ಬಟ್ಟೆಯ ಬಣ್ಣವನ್ನೇ ಉಟ್ಟು ಬಂದವರ ಪಾಡು ಮಾತ್ರ ಹೇಳತೀರದು. ಕ್ರಿಸ್ತಜಯಂತಿಯ ನಾಟಕದಲ್ಲಿ ಮರಿಯಮ್ಮನವರ ಪಾತ್ರ ಮಾಡುವ ಹುಡುಗಿ ನೀಲಿ ಮೇಲುಹೊದಿಕೆ ಹೊದ್ದು ಇದರ ಮುಂದೆ ನಿಂತರೆ, ಒಂದು ಮುಖ ಮತ್ತು ಎರಡು ಕೈಗಳು ಮಾತ್ರ ಗಾಳಿಯಲ್ಲಿ ತೇಲುತ್ತವೆ!

ಒಳ್ಳೆಯ ಮಂಟಪ ಕಟ್ಟುವವರು ಇನ್ನೂ ಕೆಲವು ವಿಷಯಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಸಿನಿಮಾ ತುಣುಕಿನಲ್ಲಿ ಬಿಸಿಲು ಎಡದಿಂದ ಬರುತ್ತಿದ್ದರೆ ಇಲ್ಲಿಯ ದೀಪವೂ ಎಡಕ್ಕೇ ಇರಬೇಕು. ಅಲ್ಲಿ ಕ್ಯಾಮೆರಾ ಎದೆಯೆತ್ತರದಲ್ಲಿ ಇದ್ದರೆ ಇಲ್ಲಿಯೂ ಅದೇ ಎತ್ತರ ಬೇಕು. ಇಲ್ಲವಾದರೆ ಮನುಷ್ಯ ನೆಲ ಬಿಟ್ಟು ತೇಲಿದಂತೆ ಕಾಣುತ್ತಾನೆ. ಅವನು ಕಂಬದ ಹಿಂದೆ ಹೋದಂತೆ ಕಾಣಬೇಕಾದರೆ ಆ ಕಂಬವನ್ನು ಚಿತ್ರದಿಂದ ಬಿಡಿಸಿ ಅವನ ಮುಂದಕ್ಕೆ ತರಬೇಕು. ಎದುರಿಗೆ ಒಂದು ಟಿ.ವಿ. ಇಟ್ಟು, ಕನ್ನಡಿಯಲ್ಲಿ ಕಾಣುವಂತೆ ಎಡಬಲ ತಿರುಗಿಸಿ ತೋರಿಸಬೇಕು; ಇಲ್ಲದಿದ್ದರೆ ಪಾಪ, ಅವನು ಬಲಕ್ಕೆ ಹೋಗಬೇಕಾದಲ್ಲಿ ಎಡಕ್ಕೆ ಹೋಗುತ್ತಾನೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ನೋಡಲು ಬಂದವರಿಗೆಲ್ಲ ಸಿನಿಮಾ ಕಾಣುತ್ತದೆ. ಸಿನಿಮಾದ ಒಳಗೆ ಹೋದವನಿಗೆ ಮಾತ್ರ ಬರೀ ಬಟ್ಟೆ ಕಾಣುತ್ತದೆ. ತಾನು ಎಲ್ಲಿದ್ದೇನೆ ಎಂದು ತಿಳಿಯಲು ಅವನು ಎದುರಿನ ಟಿ.ವಿ.ಯನ್ನು ನೋಡಬೇಕು, ಅಂದರೆ ಪರರ ಕಣ್ಣಿನಿಂದ ತನ್ನನ್ನು ನೋಡಿಕೊಳ್ಳಬೇಕು. ನಿಜವಾಗಿ ಬೆಟ್ಟ ಹತ್ತಿದವನಿಗೆ ಬೆಟ್ಟ ಕಾಣುತ್ತದೆ, ತನ್ನ ಮುಖ ಕಾಣುವುದಿಲ್ಲ. ಇಲ್ಲಿ ಎಲ್ಲವೂ ತಿರುವುಮುರುವು.

ಮೈಸೂರಿನ ಹುಡುಗ, ರಾಮನಗರದ ಬಂಡೆ

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ನಾಡಿನವನೊಬ್ಬ ಇದ್ದಾನೆ ಎಂಬುದು ಅನೇಕರಿಗೆ ತಿಳಿಯದು. ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಮಾವುತನೊಬ್ಬನ ಮಗನಾಗಿ ಹುಟ್ಟಿದ ಸಾಬು, 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಲೋಕಪ್ರಸಿದ್ಧನಾದ. ಅವನು ನಟಿಸಿದ 'ದಿ ಥೀಫ್ ಆಫ್ ಬಾಗ್ದಾದ್' 1940ರಲ್ಲಿ ತೆರೆಗೆ ಬಂದಿತು. ಸೀಸೆಯಿಂದ ಹೊರಬರುವ ಬೃಹದಾಕಾರದ ಭೂತದ ಮುಂದೆ ಪುಟ್ಟ ಸಾಬು ನಿಲ್ಲುವಂಥ ದೃಶ್ಯಗಳಿಗಾಗಿ ಲಾರೆನ್ಸ್ ಬಟ್ಲರ್ ಎಂಬ ತಂತ್ರಜ್ಞರು ನೀಲಿ ಪರದೆಯ ಉಪಾಯವನ್ನು ಬಣ್ಣದ ಚಿತ್ರಕ್ಕೆ ಅಳವಡಿಸಿದರು. ವಿಶೇಷ ದೃಶ್ಯಗಳಿಗಾಗಿ ಆ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಬಂದಿತು. ಮಾವುತನ ಮಗ ಹೀಗೆ ಬಾಗ್ದಾದಿನ ಕಳ್ಳನಾದ.

ಆಗ ಇದು ನಟರಿಗೆ ಮಾತ್ರ ಮೀಸಲಾದ ವಿದ್ಯೆ. ಇಂದು ಹಾಗಿಲ್ಲ. ಹೈದರಾಬಾದಿನ ಹತ್ತಿರ 1996ರಲ್ಲಿ ಆರಂಭವಾದ ರಾಮೋಜಿ ಫಿಲ್ಮ್ ಸಿಟಿಗೆ ಪ್ರವಾಸ ಹೋಗಿಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಸಿನಿಮಾ ಹೇಗೆ ತಯಾರಾಗುತ್ತದೆ ಎಂದು ಪ್ರವಾಸಿಗರಿಗೆ ತೋರಿಸುತ್ತ ಬಂದ ಅಲ್ಲಿಯ ಪ್ರದರ್ಶನದಲ್ಲಿ, ನೋಡಲು ಬಂದ ಹೆಣ್ಣುಮಗಳೊಬ್ಬಳನ್ನು ಕರೆದು, ಕುದುರೆಯಿಲ್ಲದ ಟಾಂಗಾದಲ್ಲಿ ಕೂರಿಸಿ, ಗಾಡಿಯನ್ನು ಅಲುಗಾಡಿಸಿ ಚಿತ್ರ ತೆಗೆಯುತ್ತಾರೆ. ಅನಂತರ ಹಿನ್ನೆಲೆಯನ್ನೂ ಗೊರಸಿನ ಸದ್ದನ್ನೂ ಸೇರಿಸಿ ತೋರಿಸಿದಾಗ ಅವಳು 'ಶೋಲೆ'ಯ ಬಸಂತಿಯಾಗಿರುತ್ತಾಳೆ. ಆ 'ಶೋಲೆ' 1975ರಲ್ಲಿ ಬಿಡುಗಡೆಯಾದ ಚಿತ್ರ. ಅದರ ರಾಮಗಢ ಎಂದರೆ ನಮ್ಮ ರಾಮನಗರದ ಬಂಡೆಗಳೇ. ಕರ್ನಾಟಕದ ಬಂಡೆಯನ್ನು ಉತ್ತರದ ಹಳ್ಳಿಯೆಂದು ತೋರಿಸಿದ ಸಿನಿಮಾದೊಳಗೆ ಕರ್ನಾಟಕದ ಪ್ರವಾಸಿಯೇ ಹೈದರಾಬಾದಿನಲ್ಲಿ ಕುಳಿತು ಹೋಗಿಬರುತ್ತಾಳೆ! ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ. ಇದರಲ್ಲಿ ಪಾಪವೇನು?

ಆಟ ಸುಳ್ಳಾಗುವುದು ಯಾವಾಗ?

ಪಾಪವೇನೂ ಇಲ್ಲ. ಸಂತ ಅಗಸ್ಟೀನರು ಯೌವನದಲ್ಲಿ ಬರೆದ ಒಂದು ಸಂವಾದದಲ್ಲಿ ಇಂಥದೇ ವಿಷಯವನ್ನು ಚರ್ಚಿಸಿದ್ದಾರೆ. ರೋಸ್ಸಿಯಸ್ ಎಂಬ ರೋಮಿನ ನಟ ರಂಗದ ಮೇಲೆ ಹೆಕ್ಟರ್ ಆಗುತ್ತಿದ್ದ. ಅವನು ಸುಳ್ಳು ಹೆಕ್ಟರ್ ಆಗಲು ಒಪ್ಪದಿದ್ದರೆ ನಿಜವಾದ ನಟನಾಗಲು ಆಗುತ್ತಿರಲಿಲ್ಲ ಎಂದು ಅವರು ತೋರಿಸುತ್ತಾರೆ. ಕೆಲವು ವಸ್ತುಗಳು ಒಂದು ಬಗೆಯಲ್ಲಿ ಸುಳ್ಳಾಗಿರುವುದರಿಂದಲೇ ಇನ್ನೊಂದು ಬಗೆಯಲ್ಲಿ ನಿಜವಾಗುತ್ತವೆ. ಸಂತ ತೋಮಸ್ ಅಕ್ವಿನಾಸರೂ ನಟರ ವೃತ್ತಿ ತನ್ನಷ್ಟಕ್ಕೆ ದೋಷವಲ್ಲ ಎಂದರು. ಸದಾ ಬಾಗಿಸಿಯೇ ಇಟ್ಟ ಬಿಲ್ಲು ಮುರಿಯುವಂತೆ ವಿರಾಮವಿಲ್ಲದ ಮನಸ್ಸೂ ಮುರಿಯುತ್ತದೆ, ಆದುದರಿಂದ ಆಟ ಮನುಷ್ಯನಿಗೆ ಬೇಕು ಎಂಬ ಹಳೆಯ ದೃಷ್ಟಾಂತವನ್ನು ಅವರು ನೆನಪಿಸುತ್ತಾರೆ.

ನಮ್ಮ ಮುಧೋಳ, ಜಮಖಂಡಿ, ಬೀಳಗಿ ಸೀಮೆಯವರಿಗೆ ಇದನ್ನು ದೊಡ್ಡ ಗ್ರಂಥಗಳಿಂದ ಕಲಿಯಬೇಕಾಗಿಲ್ಲ. ಶ್ರೀಕೃಷ್ಣ ಪಾರಿಜಾತ ನೋಡಿ ಬೆಳೆದವರು ನಾವು. ಸತ್ಯಭಾಮೆ ಕೋಪಿಸಿಕೊಂಡು ಮಾತು ಬಿಟ್ಟಾಗ ಜನ ನಗುತ್ತಾರೆ, ಮರುಗುತ್ತಾರೆ. ಆದರೆ ಆ ವೇಷದ ಒಳಗೆ ಇರುವವರು ತಮ್ಮ ಪಕ್ಕದ ಊರಿನವರು ಎಂಬುದನ್ನು ಯಾರೂ ಮರೆಯುವುದಿಲ್ಲ. ಬಣ್ಣ ಬಳಿದುಕೊಂಡದ್ದು ಎಲ್ಲರಿಗೂ ಕಾಣುವಂತೆಯೇ ಇರುತ್ತದೆ. ಜಾತ್ರೆಯಲ್ಲಿ ತಲೆ ತೂರಿಸಲು ತೂತು ಬಿಟ್ಟ ಹಲಗೆಯ ಹಿಂದೆ ನಿಂತು ಫೋಟೋ ತೆಗೆಸಿಕೊಂಡವನನ್ನೂ, ಮದುವೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ ಕಾಶ್ಮೀರದ ಹೂದೋಟದ ನಡುವೆ ತೇಲುವ ಮದುಮಕ್ಕಳನ್ನೂ ನೋಡಿ ಯಾರೂ ಮೋಸ ಹೋಗಿಲ್ಲ.

ಹಾಗಾದರೆ ಆಟ ಸುಳ್ಳಾಗಿ ಬದಲಾಗುವ ಗಡಿ ಎಲ್ಲಿದೆ? ನನ್ನ ಉತ್ತರ ಇದು: ಬಟ್ಟೆ ಕಾಣುತ್ತಿರುವ ತನಕ ಅದು ಆಟ. ಬಟ್ಟೆಯನ್ನು ಮುಚ್ಚಿಟ್ಟು ಚಿತ್ರವನ್ನು ಮಾತ್ರ ಊರ ಮುಂದೆ ಇಟ್ಟಾಗ ಅದು ಸುಳ್ಳು. ನಟನ ವೇಷ ಸುಳ್ಳಾಗದಿರುವುದು ನಾಟಕ ನಡೆಯುವ ಕಟ್ಟೆಯಿಂದ. ಅದೇ ವೇಷದಲ್ಲಿ ಅವನು ಯಾರದೋ ಮನೆಗೆ ಹೋಗಿ "ನಾನು ತಹಸೀಲ್ದಾರ" ಎಂದು ಹಣ ಕೇಳಿದರೆ ಅದು ವಂಚನೆ. ವೇಷ ಬದಲಾಗಲಿಲ್ಲ, ಕಟ್ಟೆ ತಪ್ಪಿತು.

ಒಪ್ಪಿಗೆ ಕೇಳದೆ ಬಿಡಿಸಿಕೊಂಡವರು

ಕಟ್ಟೆ ತಪ್ಪಿದಾಗ ಏನಾಗುತ್ತದೆ ಎಂಬುದನ್ನು 2023ರ ನವೆಂಬರಿನಲ್ಲಿ ಇಡೀ ದೇಶ ನೋಡಿತು. ಕೊಡಗಿನ ಮಗಳಾದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೋದ ಮೇಲೆ ಅಂಟಿಸಿ ಹರಿಬಿಟ್ಟರು. ನೀಲಿ ಬಟ್ಟೆಯ ಕೆಲಸವನ್ನು ಈಗ ಬಟ್ಟೆಯೇ ಇಲ್ಲದೆ ಕೃತಕ ಬುದ್ಧಿಮತ್ತೆ ಮಾಡುತ್ತದೆ. ಅದನ್ನು ಡೀಪ್‌ಫೇಕ್ ಎನ್ನುತ್ತಾರೆ. ಆ ಪ್ರಕರಣದಲ್ಲಿ ಅನ್ಯಾಯವಾದದ್ದು ಒಬ್ಬರಿಗಲ್ಲ, ಇಬ್ಬರಿಗೆ. ಒಬ್ಬಳ ಮುಖವನ್ನು ಕದ್ದರು, ಇನ್ನೊಬ್ಬಳ ಮುಖವನ್ನು ಅಳಿಸಿದರು. ಅದೇ ವರ್ಷದ ಮಾರ್ಚಿನಲ್ಲಿ ವಿಶ್ವಗುರು ಫ್ರಾನ್ಸಿಸರು ದಪ್ಪನೆಯ ಬಿಳಿ ಕೋಟು ತೊಟ್ಟ ಚಿತ್ರವೊಂದು ಲೋಕವೆಲ್ಲ ಸುತ್ತಿತು. ಅವರು ಅಂಥ ಕೋಟು ತೊಟ್ಟಿರಲೇ ಇಲ್ಲ. 2024ರ ಸಮೂಹ ಮಾಧ್ಯಮ ದಿನದ ಸಂದೇಶದಲ್ಲಿ ಇಂಥ ಸುಳ್ಳು ಚಿತ್ರಗಳಿಗೆ ತಾವೂ ಗುರಿಯಾದುದನ್ನು ಅವರು ಹೇಳಿಕೊಂಡರು.

ಮಂಟಪ ಕಟ್ಟುವ ಯುವಕರು "ನಾವು ಅಂಥ ಕೆಟ್ಟ ಕೆಲಸ ಮಾಡುವವರಲ್ಲ" ಎನ್ನಬಹುದು. ನಿಜವೇ. ಆದರೆ ನೀಲಿ ಬಟ್ಟೆಯ ಮುಂದೆ ತೆಗೆದ ಚಿತ್ರ ಎಂದರೆ ಹಿನ್ನೆಲೆಯಿಂದ ಆಗಲೇ ಬಿಡಿಸಿಟ್ಟ ಚಿತ್ರ. ಹುಡುಗಿಯೊಬ್ಬಳು ನಕ್ಕದ್ದು, ಓಡಿದ್ದು, ಬೆಚ್ಚಿದ್ದು ಎಲ್ಲವೂ ಅದರಲ್ಲಿ ಇದೆ; ಯಾವ ಜಾಗದಲ್ಲಾದರೂ ಅದನ್ನು ಇಡಬಹುದು. ಅಂಥ ಚಿತ್ರ ಕಂಪ್ಯೂಟರಿನಲ್ಲಿ ಉಳಿದರೆ, ನಾಳೆ ಆ ಕಂಪ್ಯೂಟರ್ ಯಾರ ಕೈಗೆ ಹೋಗುತ್ತದೋ ಯಾರು ಬಲ್ಲರು? ಬಿತ್ತನೆಯ ಬೀಜವನ್ನು ಮಣ್ಣಿನಿಂದ ಬೇರ್ಪಡಿಸಿ ಹಸನು ಮಾಡಿ ಇಟ್ಟಂತೆ ಇದು. ಯಾರ ಹೊಲದಲ್ಲಾದರೂ ಬಿತ್ತಬಹುದು. ಆದುದರಿಂದ ಆಟ ಮುಗಿದ ಸಂಜೆಯೇ ಬಟ್ಟೆಯ ಮುಂದಿನ ಮೂಲ ಚಿತ್ರಗಳನ್ನು ಅಳಿಸಬೇಕು. ಅಪ್ಪ ಅಮ್ಮ ಬಂದು ಕೇಳುವವರೆಗೆ ಕಾಯಬಾರದು.

ತೀರಿಹೋದವರ ವಿಷಯ ಇನ್ನೂ ಸೂಕ್ಷ್ಮ. ಡಾ. ವಿಷ್ಣುವರ್ಧನ್ ನಿಧನರಾದದ್ದು 2009ರ ಡಿಸೆಂಬರ್ 30ರಂದು. ಕಂಪ್ಯೂಟರಿನಲ್ಲಿ ಮರುರೂಪಿಸಿದ ಅವರ ಮುಖವನ್ನು 2016ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶಿಸಿದ 'ನಾಗರಹಾವು' ಚಿತ್ರದಲ್ಲಿ ಜನ ನೋಡಿದರು. ಪುನೀತ್ ರಾಜಕುಮಾರ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು. ಅವರು ನಟಿಸಿ ಡಬ್ಬಿಂಗ್ ಉಳಿದಿದ್ದ 'ಜೇಮ್ಸ್' ಚಿತ್ರಕ್ಕೆ ಮೊದಲು ಅಣ್ಣ ಶಿವರಾಜಕುಮಾರ್ ದನಿ ಕೊಟ್ಟರು. ಅನಂತರ ತಂತ್ರಜ್ಞಾನದಿಂದ ಪುನೀತರದೇ ದನಿಯನ್ನು ಮರಳಿ ಮೂಡಿಸಿ 2022ರಲ್ಲಿ ಮತ್ತೆ ತೆರೆಗೆ ತಂದರು. ಎರಡರಲ್ಲಿಯೂ ಅಭಿಮಾನವಿತ್ತು, ಕಣ್ಣೀರಿತ್ತು. ಎರಡರಲ್ಲಿಯೂ ಮೋಸವಿರಲಿಲ್ಲ, ಏಕೆಂದರೆ ನೋಡಲು ಹೋದವರಿಗೆಲ್ಲ ಸಂಗತಿ ಗೊತ್ತಿತ್ತು. ಆದರೂ ಇವೆರಡರ ನಡುವೆ ವ್ಯತ್ಯಾಸ ಇಲ್ಲವೇ? ಒಂದರಲ್ಲಿ ತಾನೇ ಒಪ್ಪಿ ಮಾಡಿದ, ಅರ್ಧಕ್ಕೆ ನಿಂತ ಕೆಲಸವನ್ನು ಉಳಿದವರು ಮುಗಿಸಿಕೊಟ್ಟರು. ಇನ್ನೊಂದರಲ್ಲಿ ಆ ಮಹಾನಟರು ಕಥೆ ಕೇಳಿರಲಿಲ್ಲ, ಹೂಂ ಎಂದಿರಲಿಲ್ಲ, ಬೇಡ ಎನ್ನುವ ಅವಕಾಶವೂ ಅವರಿಗಿರಲಿಲ್ಲ. ತೀರಿಕೊಂಡವರು ನಮ್ಮ ಗೌರವಕ್ಕೆ ಪಾತ್ರರು ಎಂದು ನಂಬುವ ನಾವು, ಅವರ ಬಾಯಿಂದ ಅವರು ಆಡದ ಮಾತನ್ನು ಆಡಿಸುವ ಮೊದಲು ಬಹಳ ಯೋಚಿಸಬೇಕು. ಮಂಟಪದಲ್ಲಿ ಅಜ್ಜನ ಹಳೆಯ ವಿಡಿಯೋ ಹಾಕಿ ಮೊಮ್ಮಗನನ್ನು ಪಕ್ಕದಲ್ಲಿ ನಿಲ್ಲಿಸುವುದು ಒಂದು. ಅಜ್ಜನ ಮುಖದಿಂದ ಹೊಸ ಮಾತು ಆಡಿಸುವುದು ಬೇರೆಯೇ ಒಂದು.

ಯಾರ ದುಃಖದೊಳಗೆ ಹೋಗುತ್ತೇವೆ?

ಇನ್ನು ತುಣುಕುಗಳ ಆಯ್ಕೆ. ಟಿ.ವಿ.ಯಲ್ಲಿ ಹವಾಮಾನ ಹೇಳುವವರು ಖಾಲಿ ಬಟ್ಟೆಯ ಮುಂದೆ ನಿಂತೇ ನಕ್ಷೆಯನ್ನು ತೋರಿಸುತ್ತಾರೆ ಎಂದು ತಿಳಿದ ಮಕ್ಕಳು, ತಾವೂ ವರದಿಗಾರರಾಗಬೇಕೆಂದು ಆಸೆಪಡುವುದು ಸಹಜ. ಅವರ ಹಿಂದೆ ಯಾವ ಚಿತ್ರ ಹಾಕೋಣ? ರೋಮಾಂಚನ ಬೇಕಲ್ಲ, 2019ರ ಆಗಸ್ಟಿನ ಪ್ರವಾಹ ಹಾಕೋಣ ಎಂದು ಯಾರಾದರೂ ಹೇಳಬಹುದು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಬೆಳಗಾವಿ-ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ನುಗ್ಗಿದ ನೀರು ಅದು. ಆ ನೀರಿನಲ್ಲಿ ಮನೆ ಬಿದ್ದವರು, ದನ ಕಳೆದುಕೊಂಡವರು ಅದೇ ಮಂಟಪದ ಮುಂದೆ ನಿಂತು ನೋಡುತ್ತಿರುತ್ತಾರೆ. ಮಗು ನಗುತ್ತ ಮೈಕು ಹಿಡಿದು ನಿಂತಿದೆ. ಹಿಂದೆ ಅವರ ಮನೆ ಕೊಚ್ಚಿಹೋಗುತ್ತಿದೆ. ಮಗುವಿನದು ತಪ್ಪಲ್ಲ. ಚಿತ್ರ ಆರಿಸಿದವರದು ತಪ್ಪು.

ಕಾರ್ಥೇಜಿನಲ್ಲಿ ನಾಟಕಗಳ ಹುಚ್ಚು ಹಚ್ಚಿಕೊಂಡಿದ್ದ ದಿನಗಳನ್ನು ನೆನೆದು ಸಂತ ಅಗಸ್ಟೀನರು ತಮ್ಮ 'ನಿವೇದನೆ'ಯಲ್ಲಿ ಒಂದು ಮಾತು ಹೇಳುತ್ತಾರೆ. ನಾಟಕ ನೋಡುವವನನ್ನು ದುಃಖಪಡಲು ಮಾತ್ರ ಕರೆಯುತ್ತಾರೆ, ದುಃಖಿತನಿಗೆ ನೆರವಾಗಲು ಯಾರೂ ಕರೆಯುವುದಿಲ್ಲ ಎಂಬುದು ಅದರ ತಾತ್ಪರ್ಯ. ನೀಲಿ ಬಟ್ಟೆಯ ಆಟಕ್ಕೆ ಈ ಮಾತು ಇನ್ನೂ ಹೆಚ್ಚು ಒಪ್ಪುತ್ತದೆ. ನಾವು ದೃಶ್ಯದ ಒಳಗೇ ನಿಂತಿದ್ದೇವೆ, ಮುಳುಗುವವನು ಒಂದು ಮಾರು ದೂರದಲ್ಲಿದ್ದಾನೆ, ಕೈ ಚಾಚಿದರೂ ಏನೂ ಆಗದು. ತುಣುಕು ಎಂದೋ ಮುಗಿದುಹೋದದ್ದು. ನಾವು ಓಡಿದರೂ ನಿಂತರೂ, ಅತ್ತರೂ ನಕ್ಕರೂ ಅದು ತನ್ನ ದಾರಿಯಲ್ಲಿ ಸಾಗುತ್ತದೆ. ಭಾಗವಹಿಸುವ ಆಟ ಎಂದು ಇದಕ್ಕೆ ಹೆಸರು. ಆದರೆ ನಮ್ಮ ಪಾಲು ಅದರಲ್ಲಿ ಏನೂ ಇಲ್ಲ. ಹಿಮಾಲಯಕ್ಕೆ, ಟಾಂಗಾಕ್ಕೆ ಇದರಿಂದ ಬಾಧೆಯಿಲ್ಲ. ನಿಜ ಮನುಷ್ಯರ ನಿಜ ಸಂಕಟದ ಒಳಗೆ ಹೀಗೆ ಹೋಗಿಬರುವುದನ್ನು ರೂಢಿ ಮಾಡಿಕೊಂಡರೆ, ಮುಂದೆ ನಿಜವಾದ ಸಂಕಟದ ಮುಂದೆಯೂ ಕೈಕಟ್ಟಿ ನಿಲ್ಲುವ ಅಭ್ಯಾಸ ಬಂದೀತು ಎಂಬ ಭಯ ನನಗಿದೆ. ಅಪಘಾತವಾದಲ್ಲಿ ಗಾಯಗೊಂಡವರನ್ನು ಎತ್ತುವ ಬದಲು ಫೋನ್ ಎತ್ತುವವರನ್ನು ನಾವು ಈಗಾಗಲೇ ಕಾಣುತ್ತಿಲ್ಲವೇ?

ಶಿಲುಬೆಯ ಹಾದಿಯ ಚಿತ್ರಗಳನ್ನು ಹಾಕಿ ಜನರನ್ನು ಅದರೊಳಗೆ ನಿಲ್ಲಿಸೋಣ ಎಂಬ ಆಲೋಚನೆಯೂ ಭಕ್ತಿಯಿಂದಲೇ ಹುಟ್ಟೀತು. ಲೊಯೋಲದ ಸಂತ ಇಗ್ನೇಷಿಯಸರು ತಮ್ಮ 'ಆಧ್ಯಾತ್ಮಿಕ ಸಾಧನೆ'ಗಳಲ್ಲಿ ಶುಭಸಂದೇಶದ ಘಟನೆಯ ಸ್ಥಳವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಿ, ದಾರಿ ಉದ್ದವೋ ಅಗಲವೋ ನೋಡಿ, ಅಲ್ಲಿದ್ದವರ ಮಾತು ಕೇಳಿ ಎಂದು ಕಲಿಸಿದರು. ಅವರಿಗೆ ಬಟ್ಟೆಯೂ ಬೇಕಿರಲಿಲ್ಲ, ಕ್ಯಾಮೆರಾವೂ ಬೇಕಿರಲಿಲ್ಲ. ಆದರೆ ಅವರ ಧ್ಯಾನ ಅಲ್ಲಿಗೆ ಮುಗಿಯುವುದಿಲ್ಲ. ಶಿಲುಬೆಯ ಮುಂದೆ ನಿಂತು, ನಾನು ಈತನಿಗಾಗಿ ಏನು ಮಾಡಿದ್ದೇನೆ, ಏನು ಮಾಡುತ್ತಿದ್ದೇನೆ, ಮುಂದೆ ಏನು ಮಾಡಬೇಕು ಎಂದು ಕೇಳಿಕೊಳ್ಳಲು ಹೇಳುತ್ತಾರೆ. ಸಿರೇನಿನ ಸಿಮೋನನ ಹೆಗಲ ಮೇಲೆ ನಿಜವಾದ ಭಾರವಿತ್ತು. ಬಟ್ಟೆಯ ಮುಂದೆ ನಿಂತು ಹೆಗಲು ಕೊಟ್ಟವನು ಮನೆಗೆ ಹೋಗಿ ಯಾರ ಭಾರವನ್ನು ಹೊರುತ್ತಾನೆ ಎಂಬುದರಲ್ಲಿ ಆ ಚಿತ್ರದ ಬೆಲೆ ಇದೆ.

ನೆಲ ಕಳೆದುಕೊಂಡವರ ಪ್ರಶ್ನೆ

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಗೆ ಬರೋಣ. ಗಲಗಲಿಯ ಸುತ್ತಿನ ಸೀಮೆಯಲ್ಲಿಯೇ ಇದನ್ನು ಕೇಳಬೇಕು. ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಗಳು 1964ರಲ್ಲಿ ಅಡಿಗಲ್ಲಿಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ನಾಡಿಗೆ ಅರ್ಪಿಸಿದರು. ಆ ನಡುವಣ ವರ್ಷಗಳಲ್ಲಿ ಹಿನ್ನೀರು ಬೀಳಗಿ, ಬಾಗಲಕೋಟೆ ಸೀಮೆಯ ಊರುಗಳನ್ನು ನುಂಗಿತು. ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಿ, ಜನರಿಗಾಗಿ ನವನಗರ ಎದ್ದಿತು. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿಂದ ಇನ್ನಷ್ಟು ಊರು, ಹೊಲಗಳಿಗೆ ನೀರು ಬರಲಿದೆ.

ನೀಲಿ ಬಟ್ಟೆ ಮಾಡುವ ಕೆಲಸವೇನು? ಮನುಷ್ಯನನ್ನು ಉಳಿಸಿ ಅವನ ಹಿಂದಿನ ನೆಲವನ್ನು ತೆಗೆಯುವುದು. ಹಿನ್ನೀರೂ ಇವರಿಗೆ ಮಾಡಿದ್ದು ಅದನ್ನೇ. ಮನುಷ್ಯರು ಉಳಿದರು, ಅವರ ಹಿಂದಿದ್ದ ಅಗಸಿ, ಕಟ್ಟೆ, ಬೇವಿನ ಗಿಡ, ಹಿರಿಯರ ಗೋರಿ ಹೋದವು. ಹಾಗಿರುವಾಗ ಯುವಕರು ಒಂದು ಹಳೆಯ ಮದುವೆ ಕ್ಯಾಸೆಟ್ಟನ್ನು ಹುಡುಕಿ ತಂದು, ಮುಳುಗಿದ ಓಣಿಯ ತುಣುಕನ್ನು ಅದರಿಂದ ತೆಗೆದು, ಮುತ್ಯಾನನ್ನು ಬಟ್ಟೆಯ ಮುಂದೆ ನಿಲ್ಲಿಸಿ "ನೋಡು ಮುತ್ಯಾ, ನೀ ನಿಮ್ಮೂರಾಗ ಅದೀ" ಎಂದರೆ ಅದು ಉಪಕಾರವೋ ಹಿಂಸೆಯೋ?

ಹಿಂಸೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಆಟ ಐದು ನಿಮಿಷದಲ್ಲಿ ಮುಗಿಯುತ್ತದೆ, ಟಿ.ವಿ. ಆರುತ್ತದೆ, ಮುತ್ಯಾ ಮತ್ತೆ ಪುನರ್ವಸತಿ ಕೇಂದ್ರದ ಮನೆಗೆ ನಡೆಯಬೇಕು. ಒಮ್ಮೆ ಕಳೆದುಕೊಂಡದ್ದನ್ನು ಎರಡನೆಯ ಸಲ ಕಳೆದುಕೊಳ್ಳುವಂತೆ ಮಾಡಲು ನಾವು ಯಾರು? ಉಪಕಾರ ಎನ್ನುವವರೂ ಸುಳ್ಳು ಹೇಳುತ್ತಿಲ್ಲ. ತೀರಿಹೋದ ತಾಯಿಯ ಫೋಟೋ ಗೋಡೆಯ ಮೇಲೆ ಇಟ್ಟುಕೊಳ್ಳುವ ನಾವು, ತೀರಿಹೋದ ಊರಿನ ಚಿತ್ರ ಬೇಡವೆಂದು ಹೇಗೆ ಹೇಳುವುದು?

ಸಂತ ಫ್ರಾನ್ಸಿಸ್ ಅಸ್ಸೀಸಿಯವರು 1223ರ ಕ್ರಿಸ್ತಜಯಂತಿಯ ರಾತ್ರಿ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಮಾಡಿದ ಕೆಲಸ ಇಲ್ಲಿ ನಮಗೆ ದಾರಿ ತೋರಿಸುತ್ತದೆ. ಬೆತ್ಲೆಹೇಮಿನ ಬಡತನವನ್ನು ಕಣ್ಣಾರೆ ಕಾಣಬೇಕೆಂದು ಅವರು ಗೋದಲಿ, ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿದರು. ಊರ ಜನ ತಮ್ಮ ತಮ್ಮ ದೀಪ ಪಂಜುಗಳನ್ನು ಹಿಡಿದು ಬಂದರು. ನಾವು ಇಂದು ಮನೆಮನೆಯಲ್ಲಿ ಕಟ್ಟುವ ಗೋದಲಿಗೆ ಅದೇ ಮಾದರಿ. ಗಮನಿಸಿ, ಅಲ್ಲಿ ಗ್ರೆಚ್ಚೋದ ರೈತರನ್ನು ಅವರ ನೆಲದಿಂದ ಬಿಡಿಸಿ ಬೆತ್ಲೆಹೇಮಿಗೆ ಅಂಟಿಸಲಿಲ್ಲ. ಬೆತ್ಲೆಹೇಮನ್ನು ಗ್ರೆಚ್ಚೋದ ನೆಲಕ್ಕೆ ಕರೆತಂದರು. ಜನ ತಾವಾಗಿಯೇ ಉಳಿದರು, ತಮ್ಮ ಕೈಯ ದೀಪದೊಂದಿಗೆ ಬಂದರು, ಬಲಿಪೂಜೆಯಲ್ಲಿ ಪಾಲ್ಗೊಂಡು ಸಂತೋಷದಿಂದ ಮನೆಗೆ ಮರಳಿದರು.

ಮುತ್ಯಾನ ವಿಷಯದಲ್ಲಿಯೂ ಹೀಗೆಯೇ ಆಗಬಹುದು ಎಂದು ನನಗೆ ತೋರುತ್ತದೆ. ಅವನನ್ನು ಚಿತ್ರದೊಳಗೆ ಹಾಕಬೇಡಿ. ಚಿತ್ರವನ್ನು ಅವನ ಕೈಗೆ ಕೊಡಿ. ಮೊದಲೇ ಅವನನ್ನು ಕೇಳಿ, ಬೇಡವೆಂದರೆ ಬಿಡಿ. ಬಂದರೆ ಮೊಮ್ಮಗಳನ್ನು ಬಟ್ಟೆಯ ಮುಂದೆ ನಿಲ್ಲಿಸಿ, ಅವನನ್ನು ಟಿ.ವಿ.ಯ ಪಕ್ಕ ಕುರ್ಚಿಯಲ್ಲಿ ಕೂರಿಸಿ. "ಅಲ್ಲೆ ಅಲ್ಲ ತಂಗೀ, ಇನ್ನ ಎರಡ ಹೆಜ್ಜಿ ಮುಂದ ಬಾ, ನಿಮ್ಮಜ್ಜಿ ನೀರ ಸೇದೂ ಬಾವಿ ಅದ" ಎಂದು ಅವನು ಹೇಳಲಿ. ಆಗ ಅವನು ಇತರರ ಕಣ್ಣಿಗೆ ಹಿಡಿಸಲು ನಿಲ್ಲಿಸಿದ ಬೊಂಬೆಯಲ್ಲ. ಊರನ್ನು ಬಲ್ಲ ಒಬ್ಬನೇ ಯಜಮಾನ. ಯಂತ್ರಕ್ಕೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿದೆ. ಮುಗಿದ ತುಣುಕು ಏನನ್ನೂ ಕೇಳುವುದಿಲ್ಲ ಎಂದೆನಲ್ಲ. ಇಲ್ಲಿ ಮುತ್ಯಾ ಕೇಳುತ್ತಾನೆ, ಮೊಮ್ಮಗಳು ಉತ್ತರಿಸುತ್ತಾಳೆ. ಟಿ.ವಿ. ಆರಿದ ಮೇಲೂ ಆ ಮಾತು ಅವರಿಬ್ಬರ ನಡುವೆ ಉಳಿಯುತ್ತದೆ.

ಇನ್ನೂ ಮುಳುಗದ ಊರುಗಳವರಿಗೆ ಒಂದು ಸೂಚನೆ. ನೀರು ಬರುವ ಮೊದಲೇ ನಿಮ್ಮ ಓಣಿಗಳ ಚಿತ್ರ ತೆಗೆದಿಡಿ. ಕ್ಯಾಮೆರಾವನ್ನು ಎದೆಯೆತ್ತರದಲ್ಲಿ ಕದಲದಂತೆ ಇಟ್ಟು, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ, ಯಾರೂ ಅಡ್ಡ ಬಾರದ ಹೊತ್ತಿನಲ್ಲಿ ತೆಗೆಯಿರಿ. ಬಿಸಿಲು ಯಾವ ಕಡೆಯಿಂದ ಬರುತ್ತಿತ್ತು ಎಂದು ಬರೆದಿಡಿ. ಮುಂದೆ ಹುಟ್ಟುವ ಮಕ್ಕಳಿಗೆ ನಿಲ್ಲಲು ಒಂದು ಹಿನ್ನೆಲೆ ಇರಲಿ.

ಮನೆಯಲ್ಲಿ ಮಾತಾಡಲು

ಮಂಟಪ ಕಟ್ಟುವ ಯುವಜನರು ಇಷ್ಟನ್ನು ನೆನಪಿಟ್ಟರೆ ಸಾಕು. ಬಟ್ಟೆಯನ್ನು ಮರೆಮಾಡಬೇಡಿ, ಸಾಲಿನಲ್ಲಿ ನಿಂತವರಿಗೆಲ್ಲ ಬಟ್ಟೆಯೂ ಕಾಣಲಿ, ಚಿತ್ರವೂ ಕಾಣಲಿ. ಹೇಗೆ ಮಾಡುತ್ತೀರಿ ಎಂದು ಮಕ್ಕಳಿಗೆ ವಿವರಿಸಿ ಹೇಳಿ. ಈ ಗುಟ್ಟು ತಿಳಿದ ಮಗು ನಾಳೆ ಫೋನಿನಲ್ಲಿ ಬಂದ ಸುಳ್ಳು ಚಿತ್ರವನ್ನು ಬೇಗ ನಂಬುವುದಿಲ್ಲ. ಕೇಳಿ ನಿಲ್ಲಿಸಿ, ಸಂಜೆಗೆ ಅಳಿಸಿ. ಯಾರದೋ ಸಂಕಟವನ್ನು ರೋಮಾಂಚನಕ್ಕೆಂದು ಹಿಂದೆ ಹಾಕಬೇಡಿ. ಬೇರೆಯವರ ಸಿನಿಮಾವನ್ನು ಬಳಸುವಾಗ ಅದು ಅವರ ದುಡಿಮೆ ಎಂಬುದನ್ನು ಮರೆಯಬೇಡಿ.

ತಂದೆತಾಯಿಗಳೇ, ಮಗ ಅಥವಾ ಮಗಳು ಇಂಥ ಆಟ ಮುಗಿಸಿ ಮನೆಗೆ ಬಂದಾಗ "ಚೆಂದ ಕಾಣಿಸಿದೆಯಾ?" ಎಂದಷ್ಟೇ ಕೇಳಬೇಡಿ. "ನಿನ್ನ ಹಿಂದೆ ಏನಿತ್ತು? ಅಲ್ಲಿ ಯಾರಿದ್ದರು? ನಿಜವಾಗಿ ಅಲ್ಲಿ ಇದ್ದಿದ್ದರೆ ನೀನು ಏನು ಮಾಡುತ್ತಿದ್ದೆ?" ಎಂದೂ ಕೇಳಿ. ರಾತ್ರಿಯ ಊಟದ ಹೊತ್ತಿಗೆ ಈ ಮೂರು ಪ್ರಶ್ನೆಗಳು ಸಾಕು. ಮೂರನೆಯದಕ್ಕೆ ಉತ್ತರ ತಡವಾಗಿ ಬಂದರೂ ಕಾಯಿರಿ.